ಉಸಿರು ಬಿಡಲು ಸಮಯ ಬೇಕು: ಕರಾವಳಿಯ ಮನೆಗಳಲ್ಲಿ ಸಿಒಪಿಡಿ ಜೊತೆಗಿನ ದಿನಗಳು

ದಮ್ಮಿನ ತೊಂದರೆ ಇರುವ ಹಿರಿಯರು ಡಾಕ್ಟರ ಎದುರು ಕೂತು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. "ಉಸಿರು ಒಳಗೇ ಹೋಗುವುದಿಲ್ಲ ಡಾಕ್ಟ್ರೇ." ಅವರಿಗೆ ಹಾಗೆ ಅನಿಸುವುದು ಸುಳ್ಳಲ್ಲ. ಆದರೆ ಸಿಒಪಿಡಿ ಇರುವವರ ಎದೆಯೊಳಗೆ ನಡೆಯುವುದು ಉಲ್ಟಾ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರಲು ಒದ್ದಾಡುತ್ತದೆ. ಈ ಒಂದು ವಿಷಯ ಸರಿಯಾಗಿ ತಿಳಿದರೆ ಮೆಟ್ಟಿಲು ಹತ್ತುವುದು, ಸ್ನಾನ, ಊಟ, ಮಳೆಗಾಲ, ಆಕ್ಸಿಜನ್ ಎಲ್ಲದರಲ್ಲೂ ಯಾಕೆ ಹಾಗೆ ಮಾಡಬೇಕು ಅನ್ನುವುದು ಅರ್ಥವಾಗುತ್ತಾ ಹೋಗುತ್ತದೆ. ಉಡುಪಿ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮನ ಜೊತೆ ವರ್ಷಗಳಿಂದ ಈ ಕಾಯಿಲೆಯನ್ನು ನೋಡುತ್ತಿದ್ದೇನೆ. ಅಮ್ಮ ಒಂದು ಬೀಡಿ ಸೇದಿದವರಲ್ಲ.

ಸಿಒಪಿಡಿ ಅಂದರೆ ಕ್ರಾನಿಕ್ ಅಬ್‌ಸ್ಟ್ರಕ್ಟಿವ್ ಪಲ್ಮನರಿ ಡಿಸೀಸ್. ಶ್ವಾಸಕೋಶದೊಳಗೆ ಗಾಳಿಯ ದಾರಿ ಕಿರಿದಾಗಿ, ಮತ್ತೆ ಪೂರ್ತಿ ಸರಿಯಾಗದೆ ಉಳಿಯುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಇದರಿಂದ ಸತ್ತರು. ಇಷ್ಟು ದೊಡ್ಡ ಕಾಯಿಲೆಯಾದರೂ ನಮ್ಮಲ್ಲಿ ಬಹಳ ಮನೆಗಳಲ್ಲಿ ಇದಕ್ಕೆ ಹೆಸರೇ ಇಲ್ಲ. "ವಯಸ್ಸಾಯ್ತಲ್ಲ, ದಮ್ಮು ಕಟ್ಟುತ್ತದೆ" ಅಂತ ಬಿಟ್ಟುಬಿಡುತ್ತಾರೆ. ವಯಸ್ಸಾದ ಮಾತ್ರಕ್ಕೆ ಅಂಗಳದಿಂದ ಜಗಲಿಗೆ ಬರುವಷ್ಟರಲ್ಲಿ ಯಾರಿಗೂ ದಮ್ಮು ಕಟ್ಟಬಾರದು.

ಎದೆಯೊಳಗೆ ಏನಾಗುತ್ತದೆ

ಶ್ವಾಸಕೋಶದ ತುದಿಯಲ್ಲಿ ಸಣ್ಣ ಸಣ್ಣ ಗಾಳಿಗೂಡುಗಳಿವೆ. ದೊಡ್ಡವರಲ್ಲಿ ಸುಮಾರು 30ರಿಂದ 50 ಕೋಟಿ. ರಕ್ತಕ್ಕೆ ಆಕ್ಸಿಜನ್ ಸೇರುವುದು, ಕಾರ್ಬನ್ ಡೈ ಆಕ್ಸೈಡ್ ಹೊರಬೀಳುವುದು ಅಲ್ಲಿ. ಈ ಗೂಡುಗಳ ಗೋಡೆ ಎಳೆದಷ್ಟು ಹಿಗ್ಗಿ, ಬಿಟ್ಟ ಕೂಡಲೇ ಕುಗ್ಗುತ್ತದೆ. ಹಾಗಾಗಿ ಉಸಿರು ಎಳೆಯಲು ಸ್ನಾಯು ದುಡಿಯಬೇಕು, ಬಿಡಲು ಏನೂ ಮಾಡಬೇಕಾಗಿಲ್ಲ. ಸಡಿಲ ಬಿಟ್ಟರೆ ಗಾಳಿ ತನ್ನಷ್ಟಕ್ಕೆ ಹೊರಗೆ ಹೋಗುತ್ತದೆ.

ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದಲ್ಲಿ ಗೂಡುಗಳ ಗೋಡೆ ಹರಿಯುತ್ತದೆ, ಕುಗ್ಗುವ ಶಕ್ತಿ ಹೋಗುತ್ತದೆ. ಇದಕ್ಕೆ ಎಂಫಿಸೀಮಾ ಅನ್ನುತ್ತಾರೆ. ಜೊತೆಗೆ ಗಾಳಿಯ ಕೊಳವೆಗಳ ಒಳಭಾಗ ಬಾತುಕೊಂಡು ಕಫ ತುಂಬುತ್ತದೆ. ಇದು ಕ್ರಾನಿಕ್ ಬ್ರಾಂಕೈಟಿಸ್. ಹೆಚ್ಚಿನವರಲ್ಲಿ ಎರಡೂ ಸೇರಿಕೊಂಡಿರುತ್ತವೆ. ಇನ್ನೊಂದು ತೊಂದರೆಯೂ ಇದೆ. ಸಣ್ಣ ಕೊಳವೆಗಳನ್ನು ಸುತ್ತಲಿನ ಗೂಡುಗಳೇ ಹಿಡಿದೆಳೆದು ತೆರೆದಿಡುತ್ತವೆ. ಆ ಹಿಡಿತ ಸಡಿಲವಾದ ಮೇಲೆ ಜೋರಾಗಿ ಉಸಿರು ಬಿಡಲು ಹೋದರೆ ಕೊಳವೆಯೇ ಮುಚ್ಚಿಕೊಳ್ಳುತ್ತದೆ, ಗಾಳಿ ಹಿಂದೆ ಸಿಕ್ಕಿಬೀಳುತ್ತದೆ.

ಈಗ ಲೆಕ್ಕ ನೋಡಿ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತೇವೆ. ಒಂದು ಉಸಿರಿಗೆ 4 ಸೆಕೆಂಡ್. ಗಾಬರಿಯಾದಾಗ, ಬೇಗ ನಡೆದಾಗ ಅದು 30 ಆಗಬಹುದು. ಆಗ ಒಂದು ಉಸಿರಿಗೆ ಸಿಗುವುದು 2 ಸೆಕೆಂಡ್ ಮಾತ್ರ, ಎಳೆಯುವುದಕ್ಕೂ ಬಿಡುವುದಕ್ಕೂ ಸೇರಿ. ನಿಧಾನವಾಗಿ ಖಾಲಿಯಾಗುವ ಶ್ವಾಸಕೋಶಕ್ಕೆ ಅದು ಸಾಲುವುದಿಲ್ಲ. ಹಳೆಯ ಗಾಳಿ ಒಳಗಿರುವಾಗಲೇ ಹೊಸದನ್ನು ಎಳೆಯುತ್ತೇವೆ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಒಳಗಿದ್ದವರು ಇಳಿಯುವ ಮೊದಲೇ ಹೊರಗಿನವರು ನುಗ್ಗಿದರೆ ಬಾಗಿಲಲ್ಲಿ ಏನಾಗುತ್ತದೆ ಅಂತ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಎದೆಯಲ್ಲಿ ಆಗುವುದೂ ಅದೇ. ಪ್ರತಿ ಉಸಿರಿಗೂ ಎದೆ ಸ್ವಲ್ಪ ಸ್ವಲ್ಪವೇ ಉಬ್ಬುತ್ತದೆ, ಹೊಸ ಗಾಳಿಗೆ ಜಾಗ ಇಲ್ಲದಾಗುತ್ತದೆ. "ಒಳಗೇ ಹೋಗುವುದಿಲ್ಲ" ಅನಿಸುವುದು ಆಗಲೇ.

ಅಸ್ತಮಾದಲ್ಲೂ ಕೊಳವೆ ಕಿರಿದಾಗುತ್ತದೆ, ಆದರೆ ಅದು ಬಂದು ಹೋಗುವಂಥದ್ದು. ಶ್ವಾಸಕೋಶವೇ ಗಟ್ಟಿಯಾಗುವ ಫೈಬ್ರೋಸಿಸ್‌ನಲ್ಲಿ ತೊಂದರೆ ಬೇರೆ ತರಹದ್ದು. ಆದ್ದರಿಂದ ಯಾವುದು ಅಂತ ಮೊದಲು ಗೊತ್ತಾಗಬೇಕು. ಅದಕ್ಕೆ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಇದೆ. ಪೂರ್ತಿ ಉಸಿರೆಳೆದು ಕೊಳವೆಗೆ ಜೋರಾಗಿ, ಕೊನೆಯವರೆಗೆ ಊದಬೇಕು. ಆರೋಗ್ಯವಂತರು ಬಿಡಬಲ್ಲ ಗಾಳಿಯಲ್ಲಿ ಸಾಮಾನ್ಯವಾಗಿ 70 ಶೇಕಡಕ್ಕಿಂತ ಹೆಚ್ಚು ಮೊದಲ ಸೆಕೆಂಡಿನಲ್ಲೇ ಹೊರಗೆ ಬರುತ್ತದೆ. ಕೊಳವೆ ಹಿಗ್ಗಿಸುವ ಔಷಧ ಕೊಟ್ಟ ಮೇಲೂ 70ಕ್ಕಿಂತ ಕಡಿಮೆ ಬಂದರೆ ಸಿಒಪಿಡಿ ಎಂದು ಡಾಕ್ಟರು ಯೋಚಿಸುತ್ತಾರೆ. ಎಕ್ಸ್‌ರೇ ಚೆನ್ನಾಗಿದೆ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ. ವರ್ಷಗಳಿಂದ ಕೆಮ್ಮು, ಕಫ, ಏದುಸಿರು ಇದ್ದೂ ಒಮ್ಮೆಯೂ ಊದಿ ನೋಡದವರು ನಮ್ಮ ಸುತ್ತ ಎಷ್ಟೋ ಜನ ಇದ್ದಾರೆ. ದಯವಿಟ್ಟು ಒಮ್ಮೆ ಮಾಡಿಸಿ.

ಬಚ್ಚಲ ಒಲೆಯ ಹೊಗೆ

ಈ ಕಾಯಿಲೆಗೆ ದೊಡ್ಡ ಕಾರಣ ಬೀಡಿ, ಸಿಗರೇಟು. ಈಗಲೂ ಸೇದುತ್ತಿರುವವರಿಗೆ ಅದನ್ನು ಬಿಡುವುದಕ್ಕಿಂತ ದೊಡ್ಡ ಮದ್ದಿಲ್ಲ. ಹಾಳಾದ ಭಾಗ ವಾಪಸ್ ಬರುವುದಿಲ್ಲ, ಆದರೆ ಮುಂದೆ ಹಾಳಾಗುವ ವೇಗ ಇಳಿಯುತ್ತದೆ. ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ. ಒಬ್ಬರೇ ಬಿಡುವುದು ಕಷ್ಟವಾದರೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಪ್ಯಾಕೆಟ್ ಮೇಲೆಯೇ ಆ ನಂಬರ್ ಇರುತ್ತದೆ.

ಆದರೆ ನಮ್ಮ ಕಡೆಯ ಹೆಂಗಸರ ಶ್ವಾಸಕೋಶಕ್ಕೆ ಹೊಗೆ ಬಂದದ್ದು ಬೇರೆ ದಾರಿಯಿಂದ. ಅಡುಗೆಮನೆಗೆ ಗ್ಯಾಸ್ ಬಂತು, ಬಚ್ಚಲಿಗೆ ಬರಲಿಲ್ಲ. ಈಗಲೂ ಹಳ್ಳಿಯ ಕಡೆ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಎದ್ದವರು ಮೊದಲು ಮಾಡುವುದು ಹಂಡೆಯ ಕೆಳಗೆ ಬೆಂಕಿ ಹಾಕುವುದು. ತೆಂಗಿನ ಮಡಲು, ಕೊತ್ತಳಿಗೆ, ಸಿಪ್ಪೆ, ಗೆರಟೆ. ಮಳೆಗಾಲದಲ್ಲಿ ಎಲ್ಲವೂ ಹಸಿ, ಉರಿಗಿಂತ ಹೊಗೆ ಜಾಸ್ತಿ. ಬಗ್ಗಿ ಊದುವವರ ಮುಖಕ್ಕೇ ಹೊಗೆ. ಸೋಲಾರ್ ಹಾಕಿಸಿದ ಮನೆಯಲ್ಲೂ ಜೂನ್‌ನಿಂದ ಒಲೆಯೇ ಗತಿ. ಹೆಂಗಸರ ಕಾಯಿಲೆಯ ವಿಚಾರ ಬಂದಾಗ "ಸಿಗರೇಟು ಸೇದುತ್ತೀರಾ" ಅಂತ ಕೇಳಿ ಮುಗಿಸಿದರೆ ಈ ಹೊಗೆ ಲೆಕ್ಕಕ್ಕೇ ಸಿಗುವುದಿಲ್ಲ. ಡಾಕ್ಟರು ಕೇಳದಿದ್ದರೆ ನಾವೇ ಹೇಳಬೇಕು: ಎಷ್ಟು ವರ್ಷ ಒಲೆ ಊದಿದ್ದಾರೆ, ಬೀಡಿ ಕಟ್ಟುವಾಗ ಹೊಗೆಸೊಪ್ಪಿನ ಪುಡಿ ಮೂಗಿಗೆ ಹೋಗುತ್ತಿತ್ತಾ, ಹಿಂದೆ ಟಿಬಿ ಬಂದಿತ್ತಾ.

ಕಾಯಿಲೆ ಗೊತ್ತಾದ ಮೇಲೆ ಮನೆಯವರು ಮಾಡಬೇಕಾದ ಮೊದಲ ಕೆಲಸ, ಅವರನ್ನು ಒಲೆಯಿಂದ ದೂರ ಇಡುವುದು. ಸಾಧ್ಯವಿದ್ದರೆ ಕರೆಂಟಿನ ಗೀಸರ್. ಗ್ಯಾಸ್ ಗೀಸರ್ ಆದರೆ ಬಚ್ಚಲ ಒಳಗೆ ಬೇಡ, ಗಾಳಿಯಾಡುವ ಹೊರಗಿನ ಜಾಗದಲ್ಲಿರಲಿ. ಹಂಡೆಯೇ ಇರಬೇಕು ಅಂತಾದರೆ ಹೊಗೆ ಮಾಡಿನ ಮೇಲಕ್ಕೆ ಹೋಗುವ ಹಾಗೆ ಕೊಳವೆ ಹಾಕಿಸಿ, ಬೆಂಕಿ ಬೇರೆಯವರು ಹಾಕಲಿ. ಸೊಳ್ಳೆ ಬತ್ತಿ ಬದಲು ಸೊಳ್ಳೆಪರದೆ. ಊದುಬತ್ತಿ, ಕರ್ಪೂರ ಅವರು ಮಲಗುವ ಕೋಣೆಯಿಂದ ದೂರ. ತೋಟದ ಕಸಕ್ಕೆ ಬೆಂಕಿ ಹಾಕುವಾಗ, ಅಡಿಕೆಗೆ ಮದ್ದು ಬಿಡುವಾಗ ಆ ಹೊತ್ತು ಕಿಟಕಿ ಹಾಕಿಕೊಂಡು ಒಳಗಿರುವುದು ಒಳ್ಳೆಯದು.

ನಡೆಯುವುದು, ಮೀಯುವುದು, ಉಣ್ಣುವುದು

ದಮ್ಮು ಕಟ್ಟಿದಾಗ ಮಾಡುವ ಮುಖ್ಯ ಕೆಲಸ, ಹೊರಹೋಗುವ ಗಾಳಿಗೆ ಸಮಯ ಕೊಡುವುದು. ಮೂಗಿನಿಂದ ಮೆಲ್ಲ ಎಳೆಯಿರಿ. ಸಿಳ್ಳೆ ಹಾಕುವಾಗಿನ ಹಾಗೆ ತುಟಿ ಸೇರಿಸಿ, ಎಳೆಯಲು ತೆಗೆದುಕೊಂಡದ್ದರ ಎರಡು ಪಾಲು ಹೊತ್ತು ತೆಗೆದುಕೊಂಡು ಬಿಡಿ. ಜೋರಾಗಿ ಊದಬೇಡಿ. ತುಟಿ ಕಿರಿದು ಮಾಡಿದಾಗ ಒಳಗಿನ ಕೊಳವೆಗಳಲ್ಲಿ ಸ್ವಲ್ಪ ಒತ್ತಡ ಉಳಿಯುತ್ತದೆ, ಅವು ಬೇಗ ಮುಚ್ಚಿಕೊಳ್ಳುವುದಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮೊಣಕೈಯನ್ನು ತೊಡೆಯ ಮೇಲೆ ಊರಿ ಕೂತರೆ ಇನ್ನೂ ಸುಲಭ. ಮುಖಕ್ಕೆ ಸಣ್ಣ ಫ್ಯಾನಿನ ಗಾಳಿ ಬಿಟ್ಟರೆ ಏದುಸಿರಿನ ಸಂಕಟ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕೈಯಲ್ಲಿ ಹಿಡಿಯುವ ಬ್ಯಾಟರಿ ಫ್ಯಾನ್ ನಿಜಕ್ಕೂ ಉಪಕಾರಿ. ಇದನ್ನೆಲ್ಲ ಆರಾಮಾಗಿರುವಾಗಲೇ ದಿನವೂ ಅಭ್ಯಾಸ ಮಾಡಬೇಕು. ಗಾಬರಿಯ ಹೊತ್ತಿನಲ್ಲಿ ಹೊಸದಾಗಿ ಕಲಿಯಲು ಆಗುವುದಿಲ್ಲ.

ಗಾಬರಿ ಅಂದೆ. ಅದನ್ನು ಸಣ್ಣದು ಮಾಡಬೇಡಿ. ದಮ್ಮು ಕಟ್ಟಿದರೆ ಹೆದರಿಕೆಯಾಗುತ್ತದೆ, ಹೆದರಿದರೆ ಉಸಿರು ಬೇಗ ಬೇಗ ಬರುತ್ತದೆ, ಬೇಗ ಆದಷ್ಟೂ ಗಾಳಿ ಒಳಗೆ ಸಿಕ್ಕಿಬೀಳುತ್ತದೆ. ಆ ಹೊತ್ತಿಗೆ "ಹೆದರಬೇಡಿ" ಅಂತ ಹತ್ತು ಜನ ಸುತ್ತ ನಿಂತು ಹೇಳಿದರೆ ಪ್ರಯೋಜನವಿಲ್ಲ. ಒಬ್ಬರು ಎದುರು ಕೂತು, ಮಾತಾಡಿಸದೆ, ಅವರ ಜೊತೆಗೆ ತುಟಿ ಸೇರಿಸಿ ನಿಧಾನವಾಗಿ ಉಸಿರು ಬಿಡುತ್ತಾ ಹೋದರೆ ಅವರ ಉಸಿರೂ ಮೆಲ್ಲ ಆ ಲಯಕ್ಕೆ ಬರುತ್ತದೆ. ಅಮ್ಮನ ಜೊತೆ ನಾವು ಮಾಡುವುದು ಇದನ್ನೇ.

ನಡೆಯುವ ವಿಷಯಕ್ಕೆ ಬರುತ್ತೇನೆ. ದಮ್ಮು ಕಟ್ಟುತ್ತದೆ ಅಂತ ಜನ ನಡೆಯುವುದನ್ನೇ ನಿಲ್ಲಿಸುತ್ತಾರೆ. ಮನೆಯವರೂ "ನೀವು ಕೂತಿರಿ" ಅನ್ನುತ್ತಾರೆ, ಪ್ರೀತಿಯಿಂದಲೇ. ಆದರೆ ಕೂತಷ್ಟೂ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯುವಿಗೆ ಅದೇ ಕೆಲಸಕ್ಕೆ ಜಾಸ್ತಿ ಆಕ್ಸಿಜನ್ ಬೇಕು. ಹಾಗಾಗಿ ಮೊದಲಿಗಿಂತ ಬೇಗ ದಮ್ಮು ಕಟ್ಟುತ್ತದೆ, ಇನ್ನೂ ಕಡಿಮೆ ನಡೆಯುತ್ತಾರೆ. ನಡಿಗೆ, ಸ್ನಾಯುವಿನ ವ್ಯಾಯಾಮ, ಉಸಿರಿನ ಅಭ್ಯಾಸ ಎಲ್ಲ ಸೇರಿಸಿ ಕಲಿಸುವುದಕ್ಕೆ ಪಲ್ಮನರಿ ರಿಹ್ಯಾಬಿಲಿಟೇಶನ್ ಅನ್ನುತ್ತಾರೆ. ಸಾಮಾನ್ಯವಾಗಿ 6ರಿಂದ 12 ವಾರ. ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ, ಆದರೆ ಅಷ್ಟೇ ಶ್ವಾಸಕೋಶದಲ್ಲಿ ಹೆಚ್ಚು ದೂರ ನಡೆಯಲು ಆಗುತ್ತದೆ. ಮಣಿಪಾಲ, ದೇರಳಕಟ್ಟೆ, ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗದಲ್ಲಿ ವಿಚಾರಿಸಿ. ಡಾಕ್ಟರು ತಾವಾಗಿ ಹೇಳದಿದ್ದರೂ ಕೇಳಿ ಬರೆಸಿಕೊಳ್ಳಿ.

ಮಂಗಳೂರಿನಲ್ಲಿ ನಡೆಯಲು ಹೊರಟರೆ ಚಡಾವೇ ಚಡಾವು. ಲೈಟ್‌ಹೌಸ್ ಹಿಲ್ ಆಗಲಿ, ಕದ್ರಿ ಆಗಲಿ, ಏರದೆ ದಾರಿಯಿಲ್ಲ. ಆದ್ದರಿಂದ ಶುರುವಿನಲ್ಲಿ ಸಮತಟ್ಟಾದ ಜಾಗ ಹುಡುಕಿಕೊಳ್ಳಿ. ಪಣಂಬೂರು, ಮಲ್ಪೆ ಕಡೆಯಾದರೆ ಮರಳಿನಲ್ಲಿ ಬೇಡ, ಪಕ್ಕದ ಗಟ್ಟಿ ದಾರಿಯಲ್ಲಿ. ಉಡುಪಿಯವರಿಗೆ ಅಜ್ಜರಕಾಡು ಇದೆ. ನಡೆಯುತ್ತಾ ಒಂದು ಸಣ್ಣ ವಾಕ್ಯ ಮಾತಾಡಲು ಆಗುವಷ್ಟು ವೇಗ ಸಾಕು. ದಮ್ಮು ಬಂದರೆ ನಿಂತು, ಉಸಿರು ಬಿಟ್ಟು, ಮತ್ತೆ ನಡೆಯಿರಿ. ನಿಲ್ಲುವುದರಲ್ಲಿ ನಾಚಿಕೆ ಏನೂ ಇಲ್ಲ. ಮೆಟ್ಟಿಲಾದರೆ ನಿಂತು ಉಸಿರೆಳೆದು, ಬಿಡುತ್ತಾ ಒಂದೆರಡು ಮೆಟ್ಟಿಲು ಹತ್ತುವುದು. ಯಾವ ಕೆಲಸದಲ್ಲೂ ಶಕ್ತಿ ಹಾಕುವ ಕ್ಷಣಕ್ಕೆ ಉಸಿರು ಬಿಡಬೇಕು: ಕುರ್ಚಿಯಿಂದ ಏಳುವಾಗ, ಕೊಡಪಾನ ಎತ್ತುವಾಗ, ಬಗ್ಗಿ ಚಪ್ಪಲಿ ಹಾಕುವಾಗ. ಹೆಚ್ಚಿನವರು ಆಗಲೇ ಉಸಿರು ಬಿಗಿ ಹಿಡಿಯುತ್ತಾರೆ.

ಸ್ನಾನ ಇವರಿಗೆ ದಿನದ ದೊಡ್ಡ ಕೆಲಸ ಅನ್ನುವುದು ಆರೋಗ್ಯವಂತರಿಗೆ ಹೊಳೆಯುವುದೇ ಇಲ್ಲ. ಕೈ ಎತ್ತಿ ತಲೆಗೆ ನೀರು ಹಾಕುವುದು, ಬಗ್ಗುವುದು, ಬೆನ್ನು ಒರೆಸುವುದು, ಜೊತೆಗೆ ಮುಚ್ಚಿದ ಕೋಣೆಯ ಹಬೆ. ಕೈ ಮೇಲೆತ್ತಿದಾಗ ಉಸಿರಿಗೆ ಸಹಾಯ ಮಾಡುವ ಭುಜ, ಕುತ್ತಿಗೆಯ ಸ್ನಾಯುಗಳು ಬೇರೆ ಕೆಲಸಕ್ಕೆ ಹೋಗಿಬಿಡುತ್ತವೆ. ಮಣೆ ಬೇಡ, ಎತ್ತರದ ಪ್ಲಾಸ್ಟಿಕ್ ಕುರ್ಚಿ ಇಡಿ. ನೀರು ಉಗುರುಬೆಚ್ಚಗೆ ಸಾಕು. ಬಾಗಿಲು ಸ್ವಲ್ಪ ತೆರೆದಿರಲಿ. ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆಯಲ್ಲಿ ಹೊಟ್ಟೆ ಮೇಲಕ್ಕೆ ಒತ್ತುತ್ತದೆ, ಎದೆಗೂ ಹೊಟ್ಟೆಗೂ ನಡುವಿನ ಉಸಿರಿನ ಪಟಲ ಕೆಳಗಿಳಿಯಲು ಆಗುವುದಿಲ್ಲ. ಕಮೋಡ್ ಹಾಕಿಸಿ, ಇಲ್ಲದಿದ್ದರೆ ಕಮೋಡ್ ಕುರ್ಚಿ ತನ್ನಿ. ಸ್ನಾನವಾದ ಕೂಡಲೇ ತಿಂಡಿಗೆ ಕರೆಯಬೇಡಿ, ಅರ್ಧ ಗಂಟೆ ಬಿಡಿ.

ಊಟದ ಲೆಕ್ಕವೂ ಇದಕ್ಕೇ ಬರುತ್ತದೆ. ಹೊಟ್ಟೆ ತುಂಬಿದರೆ ಮೊದಲೇ ಉಬ್ಬಿದ ಎದೆಗೆ ಜಾಗ ಕಡಿಮೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಉಂಡರೆ ಉಸಿರಾಡುತ್ತಾ ಉಣ್ಣಬಹುದು. ಉಸಿರಾಟಕ್ಕೇ ಇವರಿಗೆ ಜಾಸ್ತಿ ಶಕ್ತಿ ಖರ್ಚಾಗುತ್ತದೆ, ಹಾಗಾಗಿ ತೂಕ ಇಳಿಯುವುದು ಒಳ್ಳೆಯ ಲಕ್ಷಣವಲ್ಲ. ಕುಚ್ಚಲಕ್ಕಿ ಗಂಜಿ ಸುಲಭ, ಆದರೆ ಬರೀ ಗಂಜಿ ಉಪ್ಪಿನಕಾಯಿಯಲ್ಲಿ ಸ್ನಾಯು ಉಳಿಯುವುದಿಲ್ಲ. ಬಂಗುಡೆ, ಬೂತಾಯಿ, ಮೊಟ್ಟೆ, ಹೆಸರುಕಾಳು, ಮೊಸರು ಏನಾದರೊಂದು ಜೊತೆಗಿರಲಿ.

ಪಂಪ್, ಆಕ್ಸಿಜನ್, ಮಳೆಗಾಲ

"ಪಂಪ್ ಶುರು ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ" ಅಂತ ಹೇಳುವವರು ಇನ್ನೂ ಇದ್ದಾರೆ. ಪಂಪ್ ಅಂದರೆ ಮದ್ದನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಇನ್‌ಹೇಲರ್. ಈ ಮಾತು ಬಹಳ ಜನರಿಗೆ ತೊಂದರೆ ಮಾಡಿದೆ. ಕೊಳವೆ ಹಿಗ್ಗಿಸುವ ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ ಇದ್ದರೆ, ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ. ಅಂದರೆ 40ರಲ್ಲಿ ಒಂದು ಪಾಲು. ಅದು ನೇರವಾಗಿ ಬೇಕಾದ ಜಾಗಕ್ಕೆ ಹೋಗುವುದರಿಂದ ಅಷ್ಟೇ ಸಾಕು, ಕೈ ನಡುಕ, ಎದೆಬಡಿತವೂ ಕಡಿಮೆ. ಕಷ್ಟವಾದಾಗ ಮಾತ್ರ ಎಳೆಯುವ ಪಂಪ್ ಬೇರೆ, ದಿನವೂ ತೆಗೆದುಕೊಳ್ಳಬೇಕಾದ ಪಂಪ್ ಬೇರೆ. ಆರಾಮಾಗಿದೆ ಅಂತ ಎರಡನೆಯದನ್ನು ಬಿಡಬಾರದು.

ಎಳೆಯುವ ರೀತಿಯಲ್ಲಿ ತಪ್ಪಾದರೆ ಮದ್ದು ಗಂಟಲಲ್ಲೇ ಉಳಿಯುತ್ತದೆ. ಒತ್ತುವ ಪಂಪ್ ಆದರೆ ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತಿದ ಹೊತ್ತಿಗೇ ನಿಧಾನವಾಗಿ ಆಳಕ್ಕೆ ಎಳೆದು, 10 ಸೆಕೆಂಡ್ ಹಿಡಿದು ಬಿಡಬೇಕು. ಕೈಗೂ ಉಸಿರಿಗೂ ಹೊಂದದಿದ್ದರೆ ಸ್ಪೇಸರ್ ಎಂಬ ಡಬ್ಬಿ ಹಾಕಿಕೊಳ್ಳಿ. ಕ್ಯಾಪ್ಸೂಲ್ ಹಾಕಿ ಪುಡಿ ಎಳೆಯುವ ಸಾಧನಕ್ಕೆ ಉಲ್ಟಾ ನಿಯಮ: ವೇಗವಾಗಿ, ಜೋರಾಗಿ ಎಳೆಯಬೇಕು. ಆ ಕ್ಯಾಪ್ಸೂಲನ್ನು ನುಂಗುವವರೂ ಇದ್ದಾರೆ, ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ನೋಡಿಕೊಳ್ಳಿ. ಸ್ಟೀರಾಯ್ಡ್ ಇರುವ ಪಂಪಿನ ನಂತರ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಪದರ ಕಟ್ಟುತ್ತದೆ. ನಮ್ಮ ಊರಿನ ಮಳೆಗಾಲದ ತೇವಕ್ಕೆ ಕ್ಯಾಪ್ಸೂಲಿನ ಪುಡಿ ಅಂಟಿಕೊಳ್ಳುತ್ತದೆ. ಎಳೆಯುವ ಹೊತ್ತಿಗೇ ಒಂದನ್ನು ಹೊರತೆಗೆಯಿರಿ, ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ಬಚ್ಚಲ ಹತ್ತಿರ ಇಡಬೇಡಿ.

ಆಕ್ಸಿಜನ್ ಎಲ್ಲರಿಗೂ ಬೇಕಾಗಿಲ್ಲ. ದಮ್ಮು ಕಟ್ಟುವುದಕ್ಕೂ ರಕ್ತದಲ್ಲಿ ಆಕ್ಸಿಜನ್ ಇಳಿಯುವುದಕ್ಕೂ ನೇರ ಸಂಬಂಧ ಇಲ್ಲ. ಗಾಳಿ ಸಿಕ್ಕಿಬಿದ್ದು ಏದುಸಿರು ಬರುವಾಗಲೂ ರಕ್ತದ ಆಕ್ಸಿಜನ್ ನೋಡುವ ಬೆರಳಿನ ಆಕ್ಸಿಮೀಟರ್ 95 ಶೇಕಡ ತೋರಿಸಬಹುದು. ಆರಾಮಾಗಿ ಕೂತಾಗಲೂ 88 ಅಥವಾ ಅದಕ್ಕಿಂತ ಕೆಳಗೆ ಇದ್ದರೆ, ರಕ್ತಪರೀಕ್ಷೆ ಮಾಡಿ, ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಬೇಕೇ ಅಂತ ಡಾಕ್ಟರು ನಿರ್ಧರಿಸುತ್ತಾರೆ. ಇಲ್ಲಿ ಒಂದು ಎಚ್ಚರ. ಕಾರ್ಬನ್ ಡೈ ಆಕ್ಸೈಡ್ ಕೂಡ ಹೊರಹೋಗದೆ ಉಳಿಯುವ ಸಿಒಪಿಡಿಯವರಿಗೆ ಗುರಿ 88ರಿಂದ 92 ಮಾತ್ರ. ನಂಬರ್ 98 ಆಗಲಿ ಅಂತ ಮನೆಯವರು ಹರಿವು ಹೆಚ್ಚಿಸಿದರೆ ಆ ಗ್ಯಾಸ್ ರಕ್ತದಲ್ಲಿ ಏರಿ ಮಂಪರು ಬರಬಹುದು, ಪ್ರಜ್ಞೆಯೂ ತಪ್ಪಬಹುದು. ಡಾಕ್ಟರು ಹೇಳಿದ ಅಳತೆಯನ್ನು ಮುಟ್ಟಬೇಡಿ. ಆಕ್ಸಿಜನ್ ಇರುವ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಬೀಡಿ ಯಾವುದೂ ಇರಬಾರದು. ಮೂಗು ಒಣಗುತ್ತದೆ ಅಂತ ತೆಂಗಿನೆಣ್ಣೆ, ವ್ಯಾಸಲಿನ್ ಹಚ್ಚಬೇಡಿ, ನೀರಿನಂಶದ ಜೆಲ್ ಕೇಳಿ ತನ್ನಿ. ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಕಾನ್ಸಂಟ್ರೇಟರ್ ಯಂತ್ರ ಕರೆಂಟಿನಲ್ಲಿ ನಡೆಯುತ್ತದೆ. ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಹೋಗುವ ಊರು ನಮ್ಮದು. ಇನ್ವರ್ಟರ್ ಅದನ್ನು ಎಷ್ಟು ಹೊತ್ತು ಎಳೆಯುತ್ತದೆ ಅಂತ ಮೇ ತಿಂಗಳಲ್ಲೇ ಓಡಿಸಿ ನೋಡಿ, ಒಂದು ಸಿಲಿಂಡರ್ ತುಂಬಿಸಿ ಇಟ್ಟುಕೊಳ್ಳಿ.

ಮಳೆಗಾಲಕ್ಕೆ ತಯಾರಿ ಬೇರೆಯೂ ಇದೆ. ಭಾರತದ ಹೆಚ್ಚಿನ ಕಡೆ ಫ್ಲೂ ಜ್ವರ ಮಳೆಗಾಲದಲ್ಲಿ ಏರುತ್ತದೆ, ಹಾಗಾಗಿ ವರ್ಷಕ್ಕೊಮ್ಮೆಯ ಫ್ಲೂ ಲಸಿಕೆ ಏಪ್ರಿಲ್, ಮೇ ಹೊತ್ತಿಗೆ ಆದರೆ ಒಳ್ಳೆಯದು. ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಆಗಲೇ ಕೇಳಿ. ಗೋಡೆಯ ಬೂಷ್ಟನ್ನು ಮಳೆಗೆ ಮೊದಲೇ ಬೇರೆಯವರು ಒರೆಸಲಿ. ಒದ್ದೆ ಬಟ್ಟೆಯನ್ನು ಅವರು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ.

ಇಷ್ಟೆಲ್ಲ ಮಾಡಿದರೂ ಕಾಯಿಲೆ ಒಮ್ಮೊಮ್ಮೆ ಜೋರಾಗುತ್ತದೆ. ಹಾಗೆ ಜೋರಾದಾಗೆಲ್ಲ ಶ್ವಾಸಕೋಶಕ್ಕೆ ಇನ್ನಷ್ಟು ಪೆಟ್ಟಾಗಬಹುದು, ಅದಕ್ಕೇ ಬೇಗ ಗುರುತಿಸಬೇಕು. ನೋಡಬೇಕಾದದ್ದು ಮೂರು: ಏದುಸಿರು ಮೊದಲಿಗಿಂತ ಹೆಚ್ಚಾಯಿತಾ, ಕಫ ಜಾಸ್ತಿಯಾಯಿತಾ, ಅದರ ಬಣ್ಣ ಹಳದಿ ಅಥವಾ ಹಸಿರಿಗೆ ತಿರುಗಿತಾ. ಇವು ಕಂಡರೆ "ನಾಳೆ ನೋಡುವಾ" ಅನ್ನದೆ ಅದೇ ದಿನ ಡಾಕ್ಟರಿಗೆ ಹೇಳಿ. ತುಟಿ ನೀಲಿಯಾದರೆ, ಒಂದು ವಾಕ್ಯ ಮುಗಿಸಲು ಆಗದಿದ್ದರೆ, ಮಂಪರು ಬಂದರೆ, ಮಾತು ಅಸಂಬದ್ಧವಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಯಾವ ಪಂಪ್ ಯಾವ ಹೊತ್ತಿಗೆ, ಜೋರಾದರೆ ಯಾವ ಮದ್ದು ಶುರು ಮಾಡಬಹುದು, ಆಕ್ಸಿಜನ್ ಗುರಿ ಎಷ್ಟು, ಯಾರಿಗೆ ಫೋನ್ ಮಾಡಬೇಕು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹಾಳೆಯನ್ನು ಅವರಿಂದಲೇ ತುಂಬಿಸಿಕೊಳ್ಳಿ. ಆಸ್ಪತ್ರೆಗೆ ಹೋಗುವ ಚೀಲದಲ್ಲಿ ಹಳೆಯ ಸ್ಪೈರೋಮೆಟ್ರಿ ವರದಿ, ಪಂಪ್, ಸ್ಪೇಸರ್, ಆ ಹಾಳೆಯ ಒಂದು ಪ್ರತಿ ಇಟ್ಟಿರಿ. ನೀವು ಮನೆಯಲ್ಲಿಲ್ಲದ ರಾತ್ರಿ ಪಕ್ಕದ ಮನೆಯವರು ಕರೆದುಕೊಂಡು ಹೋದರೂ, ಅಲ್ಲಿನ ಡಾಕ್ಟರಿಗೆ ಆಕ್ಸಿಜನ್ ಎಷ್ಟು ಇಡಬೇಕು ಅನ್ನುವುದು ಅದನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ.